ಬಾಣ ಕೂರುವ ಜಾಗ, ಹೆದೆ ಬಿಡುವ ಕೈ

1972ರ ಸೆಪ್ಟೆಂಬರ್ ತಿಂಗಳಲ್ಲಿ ಬಿಲ್ಲಿಗೆ ಸಂಬಂಧಪಟ್ಟ ಎರಡು ಸಂಗತಿಗಳು ನಡೆದವು. ದೆಹಲಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. ಮ್ಯೂನಿಕ್‌ನಲ್ಲಿ, 52 ವರ್ಷ ಹೊರಗೇ ಉಳಿದಿದ್ದ ಬಿಲ್ಲುಗಾರಿಕೆ ಮತ್ತೆ ಒಲಿಂಪಿಕ್ಸ್ ಅಂಗಳಕ್ಕೆ ಕಾಲಿಟ್ಟಿತು. ಇತ್ತ ಬಿಲ್ಲಿನ ಮುಂದಿದ್ದ ಚಿಗರಿ, ಕಾಡುಹಂದಿ ಕಾನೂನಿನ ಆಶ್ರಯಕ್ಕೆ ಹೋದವು. ಅತ್ತ ಅದೇ ಬಿಲ್ಲಿನ ಮುಂದೆ ಐದು ಬಣ್ಣದ ವೃತ್ತ ಬಂದು ನಿಂತಿತು. ಮರುವರ್ಷವೇ, 1973ರಲ್ಲಿ, ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ ಹುಟ್ಟಿತು.

ಬೇಡರ ನಾಡೆಂದು ಹೆಸರಾದ ಸುರಪುರ ಸೀಮೆಯಲ್ಲಿ ಬಿಲ್ಲು ಅದಕ್ಕೂ ಎಷ್ಟೋ ಮೊದಲೇ ಹಿಂದೆ ಸರಿದಿತ್ತು. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ಇಲ್ಲಿನ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಮೊಗಲರ ಸೈನ್ಯ ಅಂಜಿದ್ದು ಬೇಡರ ಬಂದೂಕಿನ ಗುರಿಗೆ. ಬಿಲ್ಲು ಉಳಿದದ್ದು ಬೇಡರ ಕಣ್ಣಪ್ಪನ ಕಥೆಯಲ್ಲಿ, ವಾಲ್ಮೀಕಿಯ ಪಟದಲ್ಲಿ, ಬಯಲಾಟದ ರಾಮ–ಅರ್ಜುನರ ಹೆಗಲ ಮೇಲೆ. ಈಗ ಅದು ಆಟದ ಸಾಮಾನಾಗಿ, ಮೊಬೈಲಿನ ಅಂಗಡಿಯ ಮೂಲಕ ವಾಪಸ್ಸು ಬರುತ್ತಿದೆ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಕೂತ ಹುಡುಗನೊಬ್ಬ ತುದಿಗೆ ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಹುಡುಕಿದರೆ ಕಣ್ಣಿಗೆ ಬೀಳುವುದರಲ್ಲಿ ಬಹಳಷ್ಟು ಅಮೆರಿಕದ ಬೇಟೆಗಾರರಿಗೆಂದು ತಯಾರಾದ ಸರಕು. ಬಿಲ್ಲಿನ ಜೊತೆಗೇ ಗುರಿ ನೋಡುವ ಸೈಟ್, ಬತ್ತಳಿಕೆ, ಬಾಣ ಕೂರಿಸುವ ರೆಸ್ಟ್, ಎಲ್ಲ ಸೇರಿಸಿದ ಸೆಟ್ಟು. ಆ ರೆಸ್ಟನ್ನು ಆರಿಸಿದವರ ತಲೆಯಲ್ಲಿದ್ದದ್ದು ಜಿಂಕೆ. ನಮ್ಮ ಹುಡುಗ ಹೊಡೆಯಬೇಕಾದದ್ದು 50 ಮೀಟರ್ ದೂರದ ಕಾಗದ.

ಬಿಲ್ಲಿನ ಸಾಮಾನುಗಳಲ್ಲಿ ರೆಸ್ಟ್ ತೀರಾ ಸಣ್ಣದು. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ತುಂಡಿನಿಂದ ಹತ್ತು ಸಾವಿರ ದಾಟುವ ಯಂತ್ರದವರೆಗೆ ಅದರಲ್ಲಿ ಬಗೆಗಳಿವೆ. ದುಡ್ಡಿಗೆ ತಕ್ಕ ಗುಣ ಎಂಬ ಲೆಕ್ಕ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಯಾವ ರೆಸ್ಟ್ ಬೇಕು ಎಂಬುದನ್ನು ಮೊದಲು ಹೇಳುವುದು ಹೆದೆ ಎಳೆದು ಬಿಡುವ ಕೈ. ಆ ಕೈ ಏನು ಮಾಡುತ್ತದೆ ಎಂದು ತಿಳಿಯದೆ ಕೊಂಡ ರೆಸ್ಟ್ ಎಷ್ಟು ದುಬಾರಿಯಾದರೂ ದಂಡ.

ಒಂದು ಮಿಲಿಮೀಟರಿನ ಲೆಕ್ಕ

ಹೆದೆ ಬಿಟ್ಟ ಗಳಿಗೆಯಿಂದ ಬಾಣ ಅದರಿಂದ ಕಳಚಿಕೊಳ್ಳುವವರೆಗೆ ಹಿಡಿಯುವುದು ಸೆಕೆಂಡಿನ ನೂರನೇ ಒಂದೆರಡು ಭಾಗ. ರೆಸ್ಟಿನ ಕೆಲಸ ಅಷ್ಟರಲ್ಲೇ ಮುಗಿಯಬೇಕು. ಅದರ ಕೆಲಸ ಎರಡು: ಹೆದೆ ಎಳೆದಾಗ ಬಾಣವನ್ನು ಪ್ರತಿಸಲವೂ ಒಂದೇ ಜಾಗದಲ್ಲಿ ಕೂರಿಸುವುದು, ಬಿಟ್ಟಾಗ ಬಾಣದ ಹಿಂಬದಿಯ ಗರಿಗೆ ತಗಲದಂತೆ ದಾರಿ ಬಿಡುವುದು. ಮೊದಲನೆಯದಕ್ಕೆ ಬಿಗಿ ಬೇಕು, ಎರಡನೆಯದಕ್ಕೆ ಸಡಿಲ ಬೇಕು. ಮಾರುಕಟ್ಟೆಯಲ್ಲಿ ಇಷ್ಟೊಂದು ಬಗೆಯ ರೆಸ್ಟ್‌ಗಳಿರುವುದು ಈ ಎರಡನ್ನೂ ಒಟ್ಟಿಗೆ ಸಾಧಿಸುವ ಹರಸಾಹಸದಿಂದಲೇ.

ಸಣ್ಣ ಗಣಿತ ಮಾಡಿ ನೋಡೋಣ. ಪೂರ್ತಿ ಎಳೆದ ಬಿಲ್ಲಿನಲ್ಲಿ ಹೆದೆಯಿಂದ ರೆಸ್ಟಿಗೆ ಸುಮಾರು 70 ಸೆಂ.ಮೀ. ಅಂತರ ಎಂದುಕೊಳ್ಳಿ. ಒಲಿಂಪಿಕ್ಸ್‌ನ ರಿಕರ್ವ್, ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲಿನ ಗುರಿ 70 ಮೀಟರ್ ದೂರ, ಅಂದರೆ ಅದರ ನೂರರಷ್ಟು. ಹಾಗಾಗಿ ರೆಸ್ಟಿನಲ್ಲಿ ಬಾಣ 1 ಮಿ.ಮೀ. ಪಕ್ಕಕ್ಕೆ ಸರಿದರೆ ಗುರಿಯ ಬಳಿ ಅದು ಸುಮಾರು 10 ಸೆಂ.ಮೀ. ಆಗುತ್ತದೆ. ಗುರಿಹಲಗೆಯ ಅಗಲ 122 ಸೆಂ.ಮೀ. ಇದ್ದರೂ ಹತ್ತು ಅಂಕದ ವೃತ್ತದ ಅಗಲ 12.2 ಸೆಂ.ಮೀ. ಮಾತ್ರ, ನಟ್ಟನಡುವಿನಿಂದ ಅಂಚಿಗೆ 6.1. ಒಂದು ಮಿಲಿಮೀಟರ್ ಜರುಗಿದರೆ ಹತ್ತು ಹೋಯಿತು, ಅರ್ಧ ಜರುಗಿದರೆ ಅಂಚಿಗೆ ಬಂತು. ಕಾಂಪೌಂಡ್ ಬಿಲ್ಲಿನ ಸ್ಪರ್ಧೆ 50 ಮೀಟರಿನದು, ಅಲ್ಲಿ ಹತ್ತರ ವೃತ್ತ 8 ಸೆಂ.ಮೀ. ಅಗಲ. ಅಲ್ಲಿ 1 ಮಿ.ಮೀ. ತಪ್ಪಿದರೆ ಬಾಣ 7 ಸೆಂ.ಮೀ. ಸರಿಯುತ್ತದೆ. ಕಥೆ ಅದೇ.

ಇಲ್ಲೊಂದು ಸೂಕ್ಷ್ಮ ಇದೆ. ತಪ್ಪು ಎಂದಿಗೂ ಒಂದೇ ತೆರನಾಗಿದ್ದರೆ ಅದು ತಪ್ಪೇ ಅಲ್ಲ. ಸೈಟನ್ನು ಅಷ್ಟು ತಿರುಗಿಸಿಕೊಂಡರೆ ಮುಗಿಯಿತು. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಕೂರಿಸುವ ರೆಸ್ಟಿಗೆ ಮಾತ್ರ ಮದ್ದಿಲ್ಲ. ಹಾಗಾಗಿ ರೆಸ್ಟ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ನಿಖರ’ ಎಂಬುದಕ್ಕಿಂತ ‘ನೂರು ಬಾಣದ ಮೇಲೂ ಹಾಗೇ ಇರುತ್ತದೆಯೇ’ ಎಂಬುದು.

ಏಕಲವ್ಯನಿಗೆ ಬದಲಾದದ್ದು ಏನೇನು

ಹಂಪಿಯ ಹಜಾರರಾಮ ಗುಡಿಯ ಗೋಡೆ, ಹಳೇಬೀಡಿನ ಭಾರತ ಯುದ್ಧದ ಸಾಲು, ನಮ್ಮ ಊರೂರಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವರಿಗೆ ಬರವಿಲ್ಲ. ಅವುಗಳಲ್ಲಿ ಬಾಣ ಕೂರಲು ಬೇರೆ ಸಲಕರಣೆ ಇಲ್ಲ. ಬಿಲ್ಲು ಹಿಡಿದ ಮುಷ್ಟಿಯೇ ಆಸರೆ. ಆದರೆ ಮುಷ್ಟಿಯ ಯಾವ ಮಗ್ಗುಲಿಗೆ ಎಂಬುದನ್ನು ಬಲಗೈ ನಿರ್ಧರಿಸುತ್ತದೆ.

ಬಲಗೈಯ ಮೂರು ಬೆರಳಿನಿಂದ ಹೆದೆ ಎಳೆಯುವವರು ಬಾಣವನ್ನು ಬಿಲ್ಲಿನ ಎಡಮಗ್ಗುಲಿಗೆ, ಎಡಗೈ ತೋರುಬೆರಳಿನ ಗೆಣ್ಣಿನ ಮೇಲೆ ಇಡುತ್ತಾರೆ. ಹೆಬ್ಬೆರಳನ್ನು ಹೆದೆಗೆ ಕೊಕ್ಕೆಯಂತೆ ಸಿಕ್ಕಿಸಿ ಎಳೆಯುವ ಏಷ್ಯಾದ ಪದ್ಧತಿಯಲ್ಲಿ ಬಾಣ ಬಲಮಗ್ಗುಲಿಗೆ, ಎಡಗೈಯ ಹೆಬ್ಬೆರಳಿನ ಮೇಲೆ ಕೂರುತ್ತದೆ. ಕಾರಣ ಸರಳ. ಎಳೆಯುವ ಬೆರಳು ಹೆದೆಯನ್ನು ತುಸು ತಿರುಚುತ್ತದೆ. ಆ ತಿರುಚು ಬಾಣವನ್ನು ಬಿಲ್ಲಿಗೆ ಒತ್ತಿಹಿಡಿಯುವಂತಿರಬೇಕು. ಮಗ್ಗುಲು ತಪ್ಪಿದರೆ ಅದೇ ತಿರುಚು ಬಾಣವನ್ನು ಆಚೆ ತಳ್ಳುತ್ತದೆ, ಬಾಣ ಕೈಯಿಂದ ಜಾರಿ ಕೆಳಗೆ ಬೀಳುತ್ತದೆ.

ದ್ರೋಣ ಕೇಳಿದ್ದು ಬಲಗೈ ಹೆಬ್ಬೆರಳು. ಬೆರಳು ಕೊಟ್ಟ ಮೇಲೂ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ಮಹಾಭಾರತವೇ ಹೇಳುತ್ತದೆ. ಅವನು ಹೆಬ್ಬೆರಳಿನಿಂದ ಎಳೆಯುವವನಾಗಿದ್ದರೆ ಅವನಿಗೆ ಆದ ನಷ್ಟ ಒಂದು ಬೆರಳಿನಷ್ಟೇ ಅಲ್ಲ. ಬಾಣ ಬಿಲ್ಲಿನ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೋಗಬೇಕು, ಎಡಗೈಯೂ ಹೊಸದಾಗಿ ಆಸರೆ ಕೊಡಲು ಕಲಿಯಬೇಕು. ಕಳೆದದ್ದು ಬಲಗೈಯಲ್ಲಿ, ಮರುಪಾಠ ಎರಡೂ ಕೈಗೆ. ಹೆದೆಯ ಕೈ ಬದಲಾದರೆ ಬಾಣದ ಆಸರೆಯೂ ಬದಲಾಗಬೇಕು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನಮಗೆ ಬೇಕಿಲ್ಲ.

ಕೈಯ ಮೇಲೇ ಬಾಣ ಕೂರಿಸುವ ಬಿಲ್ಲಿಗೆ ಒಂದು ನಿಯಮ ಇಂದಿಗೂ ಮೀರುವಂತಿಲ್ಲ: ಬಾಣಕ್ಕೆ ಹಕ್ಕಿಯ ಗರಿಯೇ ಇರಬೇಕು. ಗರಿ ಕೈಗೋ ಬಿಲ್ಲಿಗೋ ತಗಲಿದರೆ ಮಡಚಿಕೊಂಡು ದಾಟಿಹೋಗುತ್ತದೆ. ಪ್ಲಾಸ್ಟಿಕ್ ಗರಿ ಮಡಚುವುದಿಲ್ಲ. ತಗಲಿದ ಕಡೆ ಬಾಣದ ಬಾಲವನ್ನು ಒದೆಯುತ್ತದೆ, ಕೈಯನ್ನೂ ಕುಯ್ಯುತ್ತದೆ.

ಬೆರಳಿನಿಂದ ಬಿಡುವವರಿಗೆ

ಬೆರಳಿನಿಂದ ಜಾರಿದ ಹೆದೆ ನೇರವಾಗಿ ಮುಂದಕ್ಕೆ ಹೋಗುವುದಿಲ್ಲ. ಬೆರಳ ತುದಿಯನ್ನು ಸುತ್ತಿಕೊಂಡು ಹೋಗುವಾಗ ಒಂದಿಷ್ಟು ಪಕ್ಕಕ್ಕೆ ವಾಲುತ್ತದೆ. ಹಿಂದಿನಿಂದ ಆ ಓರೆ ನೂಕು ಬಿದ್ದೊಡನೆ ಬಾಣ ಅಡ್ಡಡ್ಡ ಬಾಗುತ್ತದೆ. ಮೊದಲು ಬಿಲ್ಲಿಗೆ ಒತ್ತಿ, ಮರುಕ್ಷಣ ಆಚೆಗೆ ಬಾಗಿ, ಹಾವಿನ ಹಾಗೆ ಬಿಲ್ಲನ್ನು ಬಳಸಿಕೊಂಡು ಹೊರಬೀಳುತ್ತದೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಕ್ಯಾಮೆರಾದಿಂದ ಇದನ್ನು ಚಿತ್ರೀಕರಿಸಿ ತೋರಿಸುವವರೆಗೆ ಬಿಲ್ಲುಗಾರರು ಇದನ್ನು ಊಹಿಸಿದ್ದರು, ಕಣ್ಣಾರೆ ಕಂಡಿರಲಿಲ್ಲ.

ಇದಕ್ಕೆ ತಕ್ಕ ರೆಸ್ಟ್ ಎರಡು ಭಾಗದ್ದು. ಬಾಣವನ್ನು ಕೆಳಗಿನಿಂದ ಹೊರುವುದು ತೆಳುವಾದ ತಂತಿಯ ಕೈ. ಬಾಣ ದಾಟುವಾಗ ಅದು ಬಿಲ್ಲಿನ ಕಡೆಗೆ ಮಡಚಿ, ಸಣ್ಣ ಅಯಸ್ಕಾಂತದ ಸೆಳೆತಕ್ಕೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಪಕ್ಕದ ಒತ್ತಡ ತಾಳುವುದು ಪ್ಲಂಜರ್, ಅಂದರೆ ಬಿಲ್ಲಿನ ಹಿಡಿಯ ಮೇಲೆ ಕೊರೆದ ತೂತಿನಲ್ಲಿ ಕೂರುವ ಸ್ಪ್ರಿಂಗ್ ಗುಂಡಿ. ಅಮೆರಿಕದ ಬಿಲ್ಲುಗಾರ ವಿಕ್ ಬರ್ಗರ್ ಇದನ್ನು ಬಳಕೆಗೆ ತಂದದ್ದರಿಂದ ಬರ್ಗರ್ ಬಟನ್ ಎಂಬ ಹೆಸರೂ ಇದೆ. ಬಾಣ ಒತ್ತಿದಾಗ ಅದು ಕೂದಲೆಳೆಯಷ್ಟು ಒಳಗೆ ಹೋಗಿ ಹೊರಗೆ ಬರುತ್ತದೆ. ಸ್ಪ್ರಿಂಗ್ ಎಷ್ಟು ಗಟ್ಟಿ, ಗುಂಡಿ ಎಷ್ಟು ಹೊರಗೆ ಎಂಬ ಎರಡನ್ನೂ ತಿರುಗಿಸಿ ಹೊಂದಿಸಿಕೊಳ್ಳಬಹುದು.

ಹೊಸದಾಗಿ ಕಲಿಯುವವರಿಗೆ ಇಷ್ಟೂ ಬೇಡ. ಅಂಟಿಸುವ ಪ್ಲಾಸ್ಟಿಕ್ ರೆಸ್ಟ್ ಸಾಕು. ಅದರ ಪಕ್ಕದ ಚಪ್ಪಟೆ ಭಾಗವೇ ಮೆತ್ತನೆ ಗುಂಡಿಯ ಕೆಲಸ ಮಾಡುತ್ತದೆ. ಆರು ತಿಂಗಳ ಅಭ್ಯಾಸದಲ್ಲಿ ಕೈಯ ಬಿಡುಗಡೆ ಒಂದು ಹದಕ್ಕೆ ಬಂದ ಮೇಲೆ ಪ್ಲಂಜರ್ ಹಾಕಿದರೆ ಅದರ ಲಾಭ ತಿಳಿಯುತ್ತದೆ. ಅದಕ್ಕೂ ಮೊದಲು ಹಾಕಿದರೆ ಇವತ್ತು ತಿರುಗಿಸಿದ್ದು ನಾಳೆ ತಪ್ಪಾಗುತ್ತದೆ; ಯಾಕೆಂದರೆ ನಾಳೆ ಕೈಯೇ ಬೇರೆ.

ಯಾವ ರೆಸ್ಟ್ ಕೊಂಡರೂ ಬಾಣದ ಬಿಗಿ ಹೊಂದದಿದ್ದರೆ ನಡೆಯದು. ಅದನ್ನು ಅಳೆಯುವ ಕ್ರಮ ಹೀಗೆ: 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು ನಡುವೆ ಸುಮಾರು 880 ಗ್ರಾಂ ತೂಗುಹಾಕಿದಾಗ ಅದು ಎಷ್ಟು ಬಾಗುತ್ತದೆ ಎಂದು ನೋಡುವುದು. ಬಾಣದ ಮೇಲೆ 500 ಎಂದು ಬರೆದಿದ್ದರೆ ಅದು ಅರ್ಧ ಇಂಚು ಬಾಗುತ್ತದೆ ಎಂದರ್ಥ. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಸಣ್ಣ ಮಕ್ಕಳ ಹಗುರ ಬಿಲ್ಲಿಗೆ ಬಿರುಸಾದ ಬಾಣ ಕೊಟ್ಟರೆ ಅದು ಬಾಗುವುದೇ ಇಲ್ಲ, ಬಿಲ್ಲಿಗೆ ಬಡಿದು ಎಡಕ್ಕೆ ಹಾರುತ್ತದೆ. ಆಗ ಬೈಸಿಕೊಳ್ಳುವುದು ಪಾಪದ ರೆಸ್ಟ್.

ರಿಲೀಸ್‌ನಿಂದ ಬಿಡುವವರಿಗೆ

ಅಮೆರಿಕದ ಮಿಸೂರಿಯ ಹೋಲೆಸ್ ವಿಲ್ಬರ್ ಆಲೆನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ಎರಡು ತುದಿಗೂ ಬಾವಿಯ ರಾಟೆಯಂಥ ಗಾಲಿಗಳಿವೆ. ಪೂರ್ತಿ ಎಳೆದ ಮೇಲೆ ಭಾರ ಮುಕ್ಕಾಲು ಪಾಲು ಇಳಿಯುತ್ತದೆ, ನಿಧಾನವಾಗಿ ಗುರಿ ನೋಡಬಹುದು. ಇದನ್ನು ಎಳೆಯುವವರು ಸಾಮಾನ್ಯವಾಗಿ ಬೆರಳು ಬಳಸುವುದಿಲ್ಲ. ಮಣಿಕಟ್ಟಿಗೆ ಕಟ್ಟಿದ ಅಥವಾ ಕೈಯಲ್ಲಿ ಹಿಡಿದ ರಿಲೀಸ್ ಎಂಬ ಕೊಕ್ಕೆಯನ್ನು ಬಳಸುತ್ತಾರೆ. ಕೊಕ್ಕೆ ತೆರೆದರೆ ಹೆದೆ ಅಡ್ಡಕ್ಕೆ ವಾಲದೆ ಮುಂದಕ್ಕೆ ಹೋಗುತ್ತದೆ. ಬಾಣ ಪಕ್ಕಕ್ಕೆ ಬಾಗುವುದು ತೀರಾ ಕಡಿಮೆ. ಬಾಗುವುದಿದ್ದರೆ ಹೆಚ್ಚಾಗಿ ಮೇಲೆ–ಕೆಳಗೆ.

ಹಾಗಾಗಿ ಇಲ್ಲಿ ಪಕ್ಕದ ಗುಂಡಿಗೆ ಕೆಲಸವಿಲ್ಲ. ಆಸರೆ ಕೆಳಗಿನಿಂದ ಬರಬೇಕು, ಕೆಳಕ್ಕೇ ಸರಿಯಬೇಕು. ಗುರಿ ಹೊಡೆಯುವವರಲ್ಲಿ ಎರಡು ಬಗೆ ರೂಢಿಯಲ್ಲಿವೆ. ಒಂದು ಬ್ಲೇಡ್: ಸ್ಪ್ರಿಂಗ್ ಉಕ್ಕಿನ ತೆಳು ಪಟ್ಟಿ, ತುದಿಯಲ್ಲಿ ಬಾಣ ಕೂರುವ ಕಚ್ಚು. ಬಾಣ ಒತ್ತಿದಾಗ ಬಗ್ಗುತ್ತದೆ, ಅಷ್ಟೇ. ಕಳಚಿಬೀಳುವ ಭಾಗವಿಲ್ಲ, ಕೆಡಲು ಹೆಚ್ಚೇನೂ ಇಲ್ಲ. ಆದರೆ ಕೈ ನಡುಗಿದರೆ ಬಾಣ ಅದರ ಮೇಲಿಂದ ಸುಲಭವಾಗಿ ಜಾರುತ್ತದೆ. ಇನ್ನೊಂದು ಡ್ರಾಪ್–ಅವೇ: ಹೆದೆ ಎಳೆದಾಗ ಮೇಲೆದ್ದು ಬಾಣ ಹೊತ್ತು ನಿಂತು, ಬಿಟ್ಟ ಮೇಲೆ ಬಾಣ ಒಂದಿಷ್ಟು ದೂರ ಸಾಗುವವರೆಗೆ ಜೊತೆಗಿದ್ದು, ಗರಿ ಬರುವಷ್ಟರಲ್ಲಿ ಕೆಳಗೆ ಬಿದ್ದುಬಿಡುವ ಕೈ. ಗರಿಗೆ ಏನೂ ತಗಲುವುದಿಲ್ಲ.

ಡ್ರಾಪ್–ಅವೇ ಕೊಳ್ಳುವವರು ಅದರ ದಾರ ಎಲ್ಲಿಗೆ ಕಟ್ಟುತ್ತದೆ ಎಂದು ನೋಡಬೇಕು. ದಾರವನ್ನು ಬಿಲ್ಲಿನ ಕೇಬಲ್‌ಗೆ ಕಟ್ಟುವ ಬಗೆಯಲ್ಲಿ, ಎಳೆದಾಗ ಕೇಬಲ್ ಕೆಳಗೆ ಹೋಗಿ ದಾರ ಜಗ್ಗಿ ಕೈಯನ್ನು ಎತ್ತುತ್ತದೆ. ದಾರವನ್ನು ಲಿಂಬ್‌ಗೆ, ಅಂದರೆ ಬಿಲ್ಲಿನ ಬಾಗುವ ತೋಳಿಗೆ, ಕಟ್ಟುವ ಬಗೆಯಲ್ಲಿ ವ್ಯವಹಾರ ತಿರುವುಮುರುವು. ಅಲ್ಲಿ ಸ್ಪ್ರಿಂಗ್ ಸದಾ ಕೈಯನ್ನು ಮೇಲಕ್ಕೆ ನೂಕುತ್ತಿರುತ್ತದೆ, ದಾರ ಅದನ್ನು ಕೆಳಗೆ ಹಿಡಿದಿರುತ್ತದೆ. ಎಳೆದಾಗ ಲಿಂಬ್ ಬಾಗಿ ದಾರ ಸಡಿಲಾಗಿ ಕೈ ಏಳುತ್ತದೆ. ಬಿಟ್ಟಾಗ ಲಿಂಬ್ ನೆಟ್ಟಗಾಗಿ ದಾರ ಜಗ್ಗಿ ಅದನ್ನು ಬೀಳಿಸುತ್ತದೆ. ವ್ಯತ್ಯಾಸ ತಿಳಿಯುವುದು ಪಂದ್ಯದ ನಡುವೆ ದಾರ ಹರಿದಾಗ. ಮೊದಲನೆಯದು ಏಳುವುದೇ ಇಲ್ಲ, ಬಾಣ ಹೊಡೆಯುವಂತಿಲ್ಲ. ಎರಡನೆಯದು ಎದ್ದೇ ನಿಲ್ಲುತ್ತದೆ. ಗರಿ ಒಂದಿಷ್ಟು ತಗಲಿದರೂ ಸುತ್ತು ಮುಗಿಸಬಹುದು. ಯಾದಗಿರಿಯಿಂದ ರಿಪೇರಿ ಅಂಗಡಿ ಎಷ್ಟು ದೂರ ಎಂದು ಬಲ್ಲವರಿಗೆ ಈ ವ್ಯತ್ಯಾಸದ ಬೆಲೆ ಬೇಗ ಅರ್ಥವಾಗುತ್ತದೆ.

ಬೇಟೆಗಾರನ ರೆಸ್ಟ್ ಯಾಕೆ ಬೇರೆ

ಅಮೆರಿಕದ ಬೇಟೆಗಾರ ಮರದ ಮೇಲಿನ ಅಟ್ಟಣೆಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ಬಾಣ ಹೂಡಿಯೇ ಇರಬೇಕು, ಹೊರಳಿದರೂ ಬಗ್ಗಿದರೂ ಬೀಳಬಾರದು. ಅವನಿಗೆ ಬೇಕಾದದ್ದು ಬಾಣವನ್ನು ಸುತ್ತಲೂ ಹಿಡಿಯುವ ರೆಸ್ಟ್. ವಿಸ್ಕರ್ ಬಿಸ್ಕಿಟ್ ಎಂದು ಹೆಸರಾದ ಬಗೆಯಲ್ಲಿ ಒಂದು ಬಳೆ, ಅದರೊಳಗೆ ನಡುವಿನ ಕಡೆಗೆ ಚಾಚಿದ ಗಟ್ಟಿ ಕೂದಲುಗಳು, ನಟ್ಟನಡುವೆ ಬಾಣ. ಕಡಿಮೆ ಖರ್ಚು, ಅಲುಗಾಡುವ ಭಾಗವಿಲ್ಲ, ಬಾಣ ಬೀಳುವ ಭಯವಿಲ್ಲ. ಆದರೆ ಪ್ರತಿಸಲವೂ ಗರಿ ಆ ಕೂದಲುಗಳನ್ನು ಸೀಳಿಕೊಂಡೇ ಹೋಗಬೇಕು. ವೇಗ ಒಂದಿಷ್ಟು ತಗ್ಗುತ್ತದೆ, ಗರಿ ಸುಕ್ಕಾಗುತ್ತದೆ, ಕೂದಲು ಸವೆದಂತೆ ಬಾಣ ಕೂರುವ ಎತ್ತರವೇ ಇಳಿಯುತ್ತದೆ.

ಬೇಟೆಗಾರ ಇದಕ್ಕೆ ಒಪ್ಪುತ್ತಾನೆ, ಯಾಕೆಂದರೆ ಅವನ ಲೆಕ್ಕ ಬೇರೆ. ಅವನು ಹೊಡೆಯುವುದು ಇಪ್ಪತ್ತು ಮೀಟರಿನ ಆಸುಪಾಸಿನಲ್ಲಿ. ಅಲ್ಲಿ ರೆಸ್ಟಿನ 1 ಮಿ.ಮೀ. ತಪ್ಪು ಸುಮಾರು 3 ಸೆಂ.ಮೀ. ಆಗುತ್ತದೆ. ಜಿಂಕೆಯ ಎದೆಗೂಡಿನ ಮರ್ಮಸ್ಥಾನ ಅದರ ಎಷ್ಟೋ ಪಟ್ಟು ಅಗಲ. ಅವನನ್ನು ಕಾಡುವುದು ಸದ್ದು. ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಹೋಗುತ್ತದೆ, ಸದ್ದು ಸುಮಾರು 340 ಮೀಟರ್. 30 ಮೀಟರ್ ದೂರದ ಪ್ರಾಣಿಗೆ ಹೆದೆಯ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಟ್ಟಿದರೆ ಬಾಣ ಮುಟ್ಟಲು ಮೂರನೇ ಒಂದು ಭಾಗ ಬೇಕು. ನಡುವೆ ಕಾಲು ಸೆಕೆಂಡ್. ಚಿಗರಿಯ ಹಿಂಡು ಬೆಚ್ಚಿ ಜಿಗಿಯುವುದನ್ನು ಎರೆಹೊಲದ ಬದುವಿನಲ್ಲಿ ನೋಡಿದವರಿಗೆ ಕಾಲು ಸೆಕೆಂಡಿನಲ್ಲಿ ಅದು ಎಲ್ಲಿರುತ್ತದೆ ಎಂದು ಹೇಳಬೇಕಾಗಿಲ್ಲ. ಆದ್ದರಿಂದಲೇ ಬೇಟೆಯ ರೆಸ್ಟಿನ ಲೋಹಕ್ಕೆಲ್ಲ ಬಟ್ಟೆ, ರಬ್ಬರು ಹೊದಿಸಿರುತ್ತಾರೆ.

ಇಷ್ಟೆಲ್ಲ ಹೇಳಿದ್ದು ಬೇಟೆಗೆ ಹೊರಡಲಿ ಎಂದಲ್ಲ. ನಮ್ಮಲ್ಲಿ ಅದು ಅಪರಾಧ, ಅದರಲ್ಲಿ ಅನುಮಾನ ಬೇಡ. ಚಿಗರಿ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಉಗಾದಿಯ ಆಸುಪಾಸಿನಲ್ಲಿ ಮೊಲದ ಬೇಟೆಗೆ ಹೋಗುವ ರೂಢಿ ನಮ್ಮ ಭಾಗದ ಕೆಲವು ಕಡೆ ಉಳಿದಿದೆ, ಅದಕ್ಕೂ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಪ್ರಾಣಿ ಸಿಗಲಿಲ್ಲ, ಬರಿಗೈಲಿ ಬಂದೆವು ಎಂದರೂ ಬಿಡುವುದಿಲ್ಲ. ಕಾಯ್ದೆಯ ಪ್ರಕಾರ ಬೇಟೆಯ ಪ್ರಯತ್ನವೂ ಬೇಟೆಯೇ.

ಬೇಟೆಯ ಕೌಶಲವೇ ಬೇಕು ಎನ್ನುವವರಿಗೆ ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ 3ಡಿ ಸ್ಪರ್ಧೆ ಇದೆ. ಗಿಡಗಂಟಿಗಳ ನಡುವೆ ಫೋಮ್‌ನಿಂದ ಮಾಡಿದ ಪ್ರಾಣಿಗಳು, ದೂರ ಎಷ್ಟೆಂದು ಹೇಳುವುದಿಲ್ಲ, ನೀವೇ ಅಂದಾಜು ಮಾಡಬೇಕು. ಕಾಂಪೌಂಡ್‌ಗೆ ಹೆಚ್ಚೆಂದರೆ 45 ಮೀಟರ್, ಉಳಿದವಕ್ಕೆ 30. ಸುರಪುರದ ಗುಡ್ಡಗಳ ಬಂಡೆಯ ಸಂದುಗಳಲ್ಲಿ ಇಂಥದ್ದೊಂದು ಅಂಗಳ ಮಾಡಿದರೆ ಹೇಗೆ ಎಂದು ಕ್ರೀಡಾ ಇಲಾಖೆ ಯೋಚಿಸಬಹುದು. ಬೇಡರ ಹೆಸರಿಗೆ ಅದು ಪ್ರತಿಮೆಗಿಂತ ಹೆಚ್ಚು ಒಪ್ಪುತ್ತದೆ.

ನಮ್ಮ ಬಿಸಿಲು, ನಮ್ಮ ಧೂಳು

ರೆಸ್ಟಿನ ಜೊತೆ ಬರುವ ಕೈಪಿಡಿಗಳು ಮಂಜು, ಮಳೆಯ ಬಗ್ಗೆ ಹೇಳುತ್ತವೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಬಗ್ಗೆ ಹೇಳುವುದು ಕಡಿಮೆ. ಅಂಟಿಸುವ ರೆಸ್ಟಿಗೆ ದೊಡ್ಡ ಶತ್ರು ಈ ಬಿಸಿಲು. ಲೋಹದ ಹಿಡಿ ಕಾದಾಗ ಅಂಟು ಮೆತ್ತಗಾಗಿ ರೆಸ್ಟ್ ಕಣ್ಣಿಗೆ ಕಾಣದಷ್ಟು ಜಾರುತ್ತದೆ. ಮೇಲೆ ಹೇಳಿದ ಒಂದು ಮಿಲಿಮೀಟರನ್ನು ನೆನೆಯಿರಿ. ಅಂಟಿಸುವ ಮುಂಚೆ ಆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಂದು ರಾತ್ರಿ ಕೂರಲು ಬಿಟ್ಟು, ರೆಸ್ಟಿನ ಸುತ್ತ ಬಿಲ್ಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ. ಜರುಗಿದ್ದರೆ ಗೆರೆ ಹೇಳುತ್ತದೆ. ಬಿಲ್ಲನ್ನು ಬೈಕಿನ ಸೀಟಿನ ಮೇಲೋ ತಗಡಿನ ಶೆಡ್ಡಿನಲ್ಲೋ ಬಿಡಬೇಡಿ.

ಎರೆಮಣ್ಣಿನ ಧೂಳು ಡ್ರಾಪ್–ಅವೇ ರೆಸ್ಟಿನ ಸ್ಪ್ರಿಂಗಿಗೂ ಪ್ಲಂಜರ್‌ನ ಒಳಗಿಗೂ ಇಳಿಯುತ್ತದೆ. ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಹಿಡಿದು ಕೆಸರಾಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜುವುದೇ ಸರಿ. ಆಯುಧಪೂಜೆಗೆ ಬಿಲ್ಲಿಗೆ ಕುಂಕುಮ ಹಚ್ಚಿ, ಬನ್ನಿ ಏರಿಸಿ, ಬೇಡವೆನ್ನುವವರು ಯಾರು? ರೆಸ್ಟಿಗೆ ಮಾತ್ರ ಹಚ್ಚಬೇಡಿ.

ಪುಡಿಗೆ ಒಂದು ಒಳ್ಳೆಯ ಉಪಯೋಗವೂ ಇದೆ. ಗರಿ ರೆಸ್ಟಿಗೆ ತಗಲುತ್ತಿದೆಯೇ ಎಂಬ ಅನುಮಾನ ಬಂದರೆ ರೆಸ್ಟಿಗೂ ಅದರ ಸುತ್ತಲಿನ ಹಿಡಿಗೂ ಮುಖಕ್ಕೆ ಹಾಕುವ ಪೌಡರ್ ಸವರಿ ಒಂದು ಬಾಣ ಹೊಡೆಯಿರಿ. ಪೌಡರ್ ಮೇಲೆ ಗೀರು ಬಿದ್ದಿದ್ದರೆ ತಗಲಿದೆ. ನೋಡಿದ ಮೇಲೆ ಚೆನ್ನಾಗಿ ಒರೆಸಿಬಿಡಿ. ಎರಡನೇ ಪರೀಕ್ಷೆ ಗರಿ ಇಲ್ಲದ ಬಾಣದ್ದು. ಸುಮಾರು 18 ಮೀಟರಿನಿಂದ ಗರಿ ಇರುವ ಮೂರು, ಇಲ್ಲದ ಒಂದೆರಡು ಬಾಣ ಹೊಡೆಯಿರಿ. ಎಲ್ಲ ಒಂದೇ ಕಡೆ ನಾಟಿದರೆ ರೆಸ್ಟ್, ಬಾಣ, ಕೈ ಮೂರೂ ಹೊಂದಿವೆ. ಗರಿ ಇಲ್ಲದ್ದು ಮೇಲೋ ಕೆಳಗೋ ಹೋದರೆ ಹೆದೆಗೆ ಬಾಣ ಸಿಕ್ಕಿಸುವ ಜಾಗದ ಎತ್ತರ ತಪ್ಪಿದೆ. ಎಡ–ಬಲಕ್ಕೆ ಹೋದರೆ ಪ್ಲಂಜರ್ ಅಥವಾ ಬಾಣದ ಬಿಗಿ ತಪ್ಪಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ನಿಯಮದ ಪುಸ್ತಕ ಏನನ್ನುತ್ತದೆ

ದುಡ್ಡು ಕೊಡುವ ಮುಂಚೆ ಯಾವ ವಿಭಾಗದಲ್ಲಿ ಆಡುತ್ತೀರಿ ಎಂದು ನೋಡಿ. ರೆಸ್ಟಿನಲ್ಲಿ ಬಾಣ ತಾಗುವ ಬಿಂದು ಬಿಲ್ಲಿನ ಹಿಡಿಯ ಕಚ್ಚಿನಿಂದ ಎಷ್ಟು ಹಿಂದಿರಬಹುದು ಎಂಬುದಕ್ಕೆ ವಿಶ್ವ ಬಿಲ್ಲುಗಾರಿಕೆ ಸಂಸ್ಥೆ ಮಿತಿ ಹಾಕಿದೆ: ಸೈಟ್ ಇಲ್ಲದ ಬೇರ್‌ಬೋಗೆ 2 ಸೆಂ.ಮೀ., ರಿಕರ್ವ್‌ಗೆ 4, ಕಾಂಪೌಂಡ್‌ಗೆ 6. ಇದಕ್ಕೆ ಇತಿಹಾಸದ ಹಿನ್ನೆಲೆಯೂ ಇದೆ. ಒಟ್ಟೋಮನ್ ತುರ್ಕರು ದೂರ ಹಾರಿಸುವ ಪಂದ್ಯಗಳಲ್ಲಿ ಬಿಲ್ಲು ಹಿಡಿದ ಕೈಗೆ ಸಿಪರ್ ಎಂಬ ಪುಟ್ಟ ಹಲಗೆ ಕಟ್ಟಿ, ಬಾಣದ ಮೊನೆಯನ್ನು ಬಿಲ್ಲಿಗಿಂತ ಹಿಂದಕ್ಕೆ ಎಳೆಯುತ್ತಿದ್ದರು. ಗಿಡ್ಡ ಬಾಣ, ಹಗುರ, ಹೆಚ್ಚು ವೇಗ. ರೆಸ್ಟನ್ನು ಹಿಂದೆ ಸರಿಸಿದಷ್ಟೂ ಸಿಗುವ ಇಂಥ ಲಾಭಕ್ಕೆ ಇಂದಿನ ನಿಯಮ ಕಡಿವಾಣ ಹಾಕಿದೆ. ಉದ್ದಬಿಲ್ಲಿನ ವಿಭಾಗದಲ್ಲಿ ರೆಸ್ಟೇ ಇಲ್ಲ. ಬಿಲ್ಲಿನಲ್ಲಿ ಬಾಣ ಕೂರುವ ಮೆಟ್ಟಿಲಿಗೆ ಮೆತ್ತನೆಯ ತೊಗಲು ಅಂಟಿಸಿಕೊಳ್ಳಬಹುದು, ಅಷ್ಟೇ.

ಕಲಿಕೆಗೆ ದೇಶದೊಳಗಿನ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿನ ಇಂಡಿಯನ್ ರೌಂಡ್ ಇದೆ. ಹೆಚ್ಚು ಖರ್ಚಿಲ್ಲದೆ ಶುರುಮಾಡುವ ದಾರಿ ಇದು. ಬೇಟೆಯ ಕೈ ಆಟದ ಕೈಯಾಗಬಹುದು ಎಂಬುದನ್ನು ಈ ದೇಶಕ್ಕೆ ತೋರಿಸಿದವರು 1972ರಲ್ಲೇ ಹುಟ್ಟಿದ ರಾಜಸ್ಥಾನದ ಆದಿವಾಸಿ ಬಿಲ್ಲುಗಾರ ಲಿಂಬಾರಾಂ. ಬಿದಿರಿನ ಬಿಲ್ಲಿನಲ್ಲಿ ಬೇಟೆಯಾಡುತ್ತ ಬೆಳೆದ ಅವರು 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದರು. ಸುರಪುರದ ಮಗ್ಗುಲಲ್ಲಿ ಹರಿವ ಕೃಷ್ಣೆ ಮುಂದೆ ಸೇರುವ ವಿಜಯವಾಡದ ಜ್ಯೋತಿ ಸುರೇಖಾ ವೆನ್ನಂ 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಕಾಂಪೌಂಡ್ ಬಿಲ್ಲಿನಿಂದ ಮೂರು ಚಿನ್ನ ಗೆದ್ದರು. ಆ ಕೂಟದ ಕಾಂಪೌಂಡ್‌ನ ಐದೂ ಚಿನ್ನ ಭಾರತದ ಪಾಲಾದವು. ಎರಡೂ ತೋಳುಗಳಿಲ್ಲದ ಜಮ್ಮುವಿನ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು, ಹೆಗಲಿಗೆ ಕಟ್ಟಿದ ರಿಲೀಸ್‌ನಿಂದ ಹೆದೆ ಎಳೆದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ತಂದರು. ಬಾಣಕ್ಕೆ ಆಸರೆಯಾಗಲು ಮುಷ್ಟಿಯೇ ಇಲ್ಲದ ಕಡೆ ರೆಸ್ಟ್ ಎಂಬ ಸಣ್ಣ ಸಾಮಾನು ಎಷ್ಟು ದೊಡ್ಡದು ಎಂಬುದು ಅವರನ್ನು ನೋಡಿದರೆ ತಿಳಿಯುತ್ತದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ.

ಹಾಗಾದರೆ ದೋರನಹಳ್ಳಿಯ ಹುಡುಗನೋ ಹುಡುಗಿಯೋ ಏನು ಕೊಳ್ಳಬೇಕು? ಬಿದಿರಿನ ಬಿಲ್ಲಾದರೆ ಏನೂ ಬೇಡ. ಹಕ್ಕಿಯ ಗರಿಯ ಬಾಣ, ಗೆಣ್ಣಿಗೊಂದು ತೊಗಲಿನ ಕವಚ ಸಾಕು. ಬೆರಳಿನಿಂದ ಎಳೆಯುವ ರಿಕರ್ವ್ ಆದರೆ ಮೊದಲ ಆರು ತಿಂಗಳು ಅಂಟಿಸುವ ಪ್ಲಾಸ್ಟಿಕ್, ಆಮೇಲೆ ತಂತಿಯ ರೆಸ್ಟ್ ಮತ್ತು ಪ್ಲಂಜರ್. ರಿಲೀಸ್‌ನ ಕಾಂಪೌಂಡ್ ಆದರೆ ಬ್ಲೇಡ್, ಇಲ್ಲವೇ ಲಿಂಬ್‌ಗೆ ಕಟ್ಟುವ ಡ್ರಾಪ್–ಅವೇ, ಜೊತೆಗೆ ಬದಲಿ ದಾರ. ಸೆಟ್ಟಿನಲ್ಲಿ ಬಂದ ಕೂದಲಿನ ಬಳೆಯನ್ನು ಎಸೆಯಬೇಕಾಗಿಲ್ಲ, ಕಲಿಯುವ ದಿನಗಳಲ್ಲಿ 20 ಮೀಟರಿಗೆ ಅದು ಧಾರಾಳ ಸಾಕು. ಜಿಲ್ಲಾ ಮಟ್ಟ ದಾಟಿ 50 ಮೀಟರಿಗೆ ನಿಲ್ಲುವಾಗ ಬದಲಿಸಿದರಾಯಿತು. ಉಳಿದ ದುಡ್ಡನ್ನು ಒಂದೇ ಬಿಗಿಯ ಒಂದು ಡಜನ್ ಬಾಣಕ್ಕೆ ಹಾಕಿ. ಹತ್ತು ಸಾವಿರದ ರೆಸ್ಟಿನ ಮೇಲೆ ಹತ್ತು ತರದ ಬಾಣ ಇಡುವವರಿಗಿಂತ, ಇನ್ನೂರು ರೂಪಾಯಿಯ ರೆಸ್ಟಿನ ಮೇಲೆ ಒಂದೇ ತರದ ಬಾಣ ಇಡುವವರು ಹತ್ತರ ಹತ್ತಿರ ಹೊಡೆಯುತ್ತಾರೆ.